ಹೆಣ್ಣು ನಾಯಿಗೆ ಅಪರೂಪದ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಗಂಗಾವತಿಯಲ್ಲಿ. ನಮ್ಮ ನಾಯಿಯ ಹೆಸರು ಮಸಾರಿ. ಹೆಸರು ಕೇಳಿದವರು ಒಂದು ಸಲ ತಿರುಗಿ ನೋಡುತ್ತಾರೆ, ಆಮೇಲೆ ತಮ್ಮ ಮನೆಯ ಮರಿಗೂ ಒಂದು ಹೆಸರು ಹೇಳಿ ಅಂತ ಕೇಳುತ್ತಾರೆ. ಪಶು ಆಸ್ಪತ್ರೆಯ ಮುಂದೆ ಕಾಯುವಾಗ, ಕಿರಾಣಿ ಅಂಗಡಿಯಲ್ಲಿ, ಸಿಂಧನೂರು ಬಸ್ಸಿನಲ್ಲಿ, ರಾಯಚೂರಿನ ಬೀಗರ ಫೋನಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

### ಮರಿ ಮನೆಗೆ ಬಂದಾಗ

ನಾಯಿಗೆ ಅಂಥಾ ಹೆಸರು ಯಾಕ ಬೇಕ್ರಿ, ರೂಬಿ ಅಂದ್ರ ಸಾಲದೇನು?

ರೂಬಿ ಅಂದರೂ ನಾಯಿ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಓಣಿಯಲ್ಲೇ ಮೂರು ರೂಬಿ ಇದ್ದವು. ಸಂಜೆ ಒಬ್ಬರು ಅನ್ನ ಹಾಕಲು ಕರೆದರೆ ಮೂರೂ ಓಡಿ ಬರುತ್ತಿದ್ದವು, ಎರಡಕ್ಕೆ ಬೈಗುಳ ಬೀಳುತ್ತಿತ್ತು. ಕರೆದಾಗ ಬಂದ ನಾಯಿಗೆ ಬೈದರೆ ಅದು ಮುಂದಿನ ಸಲ ಬರಲು ಹಿಂದೆಮುಂದೆ ನೋಡುತ್ತದೆ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನಮ್ಮ ಕಡೆ ಹೆಣ್ಣು ಮರಿ ಅಂದರೆ ಜನ ಹಿಂಜರಿಯುತ್ತಾರೆ, ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ ಅನ್ನುವ ಭಯ. ಗಂಡು ಮರಿಗಳನ್ನು ಕೇಳಿಕೊಂಡು ಒಯ್ಯುತ್ತಾರೆ, ಹೆಣ್ಣು ಮರಿಗಳು ಗೋಣಿಚೀಲದಲ್ಲಿ ರೈಸ್ ಮಿಲ್ಲಿನ ಹಿಂದೆಯೋ ಕಾಲುವೆ ದಂಡೆಗೋ ಹೋಗುತ್ತವೆ. ಸಂತಾನಹರಣ ಆಪರೇಷನ್ ಮಾಡಿಸಿದರೆ ಆ ಭಯವೇ ಇಲ್ಲ, ಆದರೆ ಅಷ್ಟು ಮಾಡಿಸಬೇಕು ಅಂತ ಅನ್ನಿಸಲು ಮೊದಲು ಅವಳು ಮನೆಯವಳಾಗಬೇಕಲ್ವಾ? ಅಲ್ಲಿ ಹೆಸರು ಕೆಲಸ ಮಾಡುತ್ತದೆ. ನಮ್ಮಪ್ಪ ಮೊದಲ ವಾರವೆಲ್ಲ "ಅದಕ್ಕ ಹಾಲು ಹಾಕಿದ್ರೇನು" ಅಂತ ಕೇಳುತ್ತಿದ್ದರು. ಹೆಸರಿಟ್ಟು ನಾಲ್ಕು ದಿನಕ್ಕೆ ಊಟಕ್ಕೆ ಕೂತವರು ತಟ್ಟೆ ಮುಟ್ಟದೆ "ಅಕಿ ಉಂಡ್ಲೇನು?" ಅಂದರು. ಅದು ಅನ್ನುವುದು ಅಕಿ ಆಗಿತ್ತು. ಆ ಮಾತು ಕೇಳಿ ಅವ್ವ ನನ್ನ ಮುಖ ನೋಡಿದರು.

ಹೆಸರು ಯಾವಾಗ ಇಡಬೇಕು? ಮರಿ ತಂದ ದಿನಾನೇ ಇಡಬೇಕೇನು?

ಮೂರು ನಾಲ್ಕು ದಿನ ತಡೆಯಿರಿ. ಎಂಟು ವಾರ ತಾಯಿ ಹತ್ತಿರ ಇದ್ದು ಬಂದ ಮರಿ ಮೊದಲ ದಿನ ಮೂಲೆಯಲ್ಲಿ ಕುಂಯ್‌ಗುಡುತ್ತಾ ಕೂತಿರುತ್ತದೆ, ಅವಳ ಸ್ವಭಾವ ಆಗ ಕಾಣುವುದಿಲ್ಲ. ನಾಲ್ಕನೇ ದಿನಕ್ಕೆ ಚಪ್ಪಲಿ ಕಚ್ಚುವವಳೋ, ಬಾಗಿಲಲ್ಲಿ ಕೂತು ಬೀದಿ ನೋಡುವವಳೋ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಬಿಡಬೇಡಿ. ಹೆಸರಿಲ್ಲದ ಮರಿಯನ್ನು ಎಲ್ಲರೂ "ಏಯ್", "ಹಚಾ" ಅನ್ನತೊಡಗುತ್ತಾರೆ, ಅವಳು ಅದನ್ನೇ ತನ್ನ ಹೆಸರು ಅಂದುಕೊಳ್ಳುತ್ತಾಳೆ.

ಎಷ್ಟು ಉದ್ದ ಇರಬೇಕು?

ಎರಡು ಅಕ್ಷರ, ಹೆಚ್ಚೆಂದರೆ ಮೂರು. ಕ, ಗ, ಟ, ಬ, ಮ ಇಂಥ ಅಕ್ಷರದಿಂದ ಶುರುವಾಗಿ 'ಇ' ಅಥವಾ 'ಆ' ಸ್ವರದಲ್ಲಿ ಮುಗಿದರೆ ದೂರದಿಂದ ಎಳೆದು ಕೂಗಲು ಸಲೀಸು. ಇದರಲ್ಲಿ ನಮ್ಮ ಭಾಗದವರಿಗೆ ಒಂದು ಅನುಕೂಲ ಇದೆ. ನಾವು ಹೇಗೂ ನವಣೆಗೆ ನವಣಿ, ಸಜ್ಜೆಗೆ ಸಜ್ಜಿ, ಗೆಜ್ಜೆಗೆ ಗೆಜ್ಜಿ ಅನ್ನುವವರು. ಕೆಂಪ ಗಂಡಾದರೆ ಕೆಂಪಿ ಹೆಣ್ಣು, ಕಾಳ ಗಂಡಾದರೆ ಕಾಳಿ ಹೆಣ್ಣು. ಹೀಗೆ ನಮ್ಮ ಆಡುಮಾತಿನ ಅರ್ಧ ಪದಗಳು ಹೆಣ್ಣು ನಾಯಿಯ ಹೆಸರಾಗಲು ತಯಾರಾಗೇ ನಿಂತಿವೆ.

ಹೆಸರು ಅದಕ್ಕ ನಿಜವಾಗ್ಲೂ ತಿಳೀತದೇನು, ಸುಮ್ನೆ ನಮ್ಮ ಧ್ವನಿ ಕೇಳಿ ಬರ್ತದೇನು?

ಎರಡೂ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುತ್ತ ಬೇರೆ ಮಾತಿನ ಗದ್ದಲ ಇದ್ದಾಗಲೂ ನಾಯಿಗಳು ತಮ್ಮ ಹೆಸರನ್ನು ಗುರುತು ಹಿಡಿದವು. ಗದ್ದಲ ಹೆಸರಿನಷ್ಟೇ ಜೋರಾಗಿದ್ದಾಗಲೂ ಹಿಡಿದವು. ಕರೆದದ್ದು ಮನೆಯವರಲ್ಲ, ಗುರುತಿಲ್ಲದವರ ಧ್ವನಿ. ಹಂಗೇರಿಯ ಬುಡಾಪೆಸ್ಟಿನಲ್ಲಿ 2016ರಲ್ಲಿ ನಾಯಿಗಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹೊಗಳುವ ಮಾತನ್ನು ಹೊಗಳುವ ಧಾಟಿಯಲ್ಲೇ ಹೇಳಿದಾಗ ಮಾತ್ರ ಖುಷಿಯ ಭಾಗ ಚುರುಕಾಗಿದ್ದು ಕಂಡಿತು. ಅಂದರೆ ಪದವೂ ಬೇಕು, ಪ್ರೀತಿಯ ರಾಗವೂ ಬೇಕು.

ಚೇಸರ್ ಅಂತ ಒಂದು ಹೆಣ್ಣು ನಾಯಿ ಇತ್ತು, ಬಾರ್ಡರ್ ಕಾಲಿ ತಳಿ. ಆಟಿಕೆಗಳ 1022 ಹೆಸರು ಕಲಿತಿದ್ದಳು, ಹೆಸರು ಹೇಳಿದರೆ ಅದೇ ಆಟಿಕೆ ಹುಡುಕಿ ತರುತ್ತಿದ್ದಳು. ನಿಮ್ಮ ಮರಿ ತನ್ನದೊಂದು ಹೆಸರು ಕಲಿಯಲು ಕೆಲವೇ ದಿನ ಸಾಕು. ಹೆಸರು ಕೂಗಿ, ತಿರುಗಿ ನೋಡಿದ ಕ್ಷಣಕ್ಕೆ ರೊಟ್ಟಿಯ ಚೂರು ಕೊಡಿ. ದಿನಕ್ಕೆ ಎಂಟು ಹತ್ತು ಸಲ, ಅಷ್ಟೇ.

### ಹೆಸರು ಹುಡುಕುವಾಗ

ಕನ್ನಡದಾಗ ಯಾರೂ ಇಡದಂಥ ಛಲೋ ಹೆಸರು ಎಲ್ಲಿ ಹುಡುಕಬೇಕು?

ಮೊದಲು ನಿಮ್ಮ ಹೊಲ, ಅಡುಗೆಮನೆ, ಅಜ್ಜಿಯ ಪೆಟ್ಟಿಗೆ ನೋಡಿ. ಮೊಬೈಲಿನಲ್ಲಿ ಹುಡುಕಿದರೆ ಎಲ್ಲರಿಗೂ ಸಿಗುವ ಹೆಸರೇ ನಿಮಗೂ ಸಿಗುತ್ತದೆ.

ನಮ್ಮದು ಎರಡು ಮಣ್ಣಿನ ಸೀಮೆ. ಕಪ್ಪು ಮಣ್ಣಿಗೆ ಎರಿ, ಕೆಂಪು ಮಣ್ಣಿಗೆ ಮಸಾರಿ. ನಮ್ಮ ಮರಿ ಬಿಸಿಲಲ್ಲಿ ಮಲಗಿದ್ದಾಗ ಮೈ ಯಾವುದು, ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ಮಸಾರಿ ಅನ್ನುವ ಹೆಸರು ಬಂದದ್ದು ಹಾಗೆ. ಕರಿ ನಾಯಿಗೆ ಬ್ಲ್ಯಾಕಿ ಅನ್ನುವ ಬದಲು ಎರಿ ಅಂದು ನೋಡಿ, ಎಷ್ಟು ಮೆತ್ತಗಿದೆ. ಬಿಳಿ ನಾಯಿಗೆ ಅರಳಿ, ಅಂದರೆ ಹತ್ತಿಯ ಅರಳೆ, ಅನ್ನಬಹುದು. ಹತ್ತಿ ಬಿಡಿಸಿದವರಿಗೆ ಆ ಬಿಳುಪು ಗೊತ್ತು. ತಿಳಿ ಹಳದಿಯವಳಿಗೆ ನವಣಿ, ಕೇಸರಿ ಛಾಯೆ ಇದ್ದರೆ ಕುಸುಬಿ. ಕೆಂಪು ಮೈ, ಕಪ್ಪು ಮೂತಿ ಇದ್ದರೆ ಗುಲಗಂಜಿ. ಉದ್ದವಾಯಿತು ಅನ್ನಿಸಿದರೆ ಕರೆಯಲು ಗಂಜಿ ಸಾಕು.

ನನಗೆ ತುಂಬಾ ಇಷ್ಟವಾದದ್ದು ಅಗಸಿ. ಚಟ್ನಿಪುಡಿಯ ಅಗಸಿಯೂ ಹೌದು, ಊರ ಬಾಗಿಲ ಅಗಸಿಯೂ ಹೌದು. ಹೊಳೆಯುವ ಕಂದು ಮೈಯ, ಬಾಗಿಲು ಬಿಟ್ಟು ಏಳದ ನಾಯಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತಿಳಿದಿಲ್ಲ. ಕೊಪ್ಪಳದ ಸ್ನೇಹಿತರೊಬ್ಬರಿಗೆ ಕೊಟ್ಟೆ, ಅವರ ಅಗಸಿಗೆ ಈಗ ಐದು ವರ್ಷ.

ಅಜ್ಜಿಯ ಪೆಟ್ಟಿಗೆಯಲ್ಲಿ ಬುಗುಡಿ, ಝುಮುಕಿ, ಸರಿಗಿ, ಗೆಜ್ಜಿ ಇವೆ. ಕಿವಿ ಜೋತುಬಿದ್ದ ಮರಿಗೆ ಝುಮುಕಿ, ಕಿವಿ ನಿಮಿರಿದವಳಿಗೆ ಬುಗುಡಿ.

ಊರುಗಳೂ ಇವೆ. ರಾಯಚೂರು ಜಿಲ್ಲೆಯ ಮಸ್ಕಿ ನೋಡಿ, ಎರಡೇ ಅಕ್ಷರ, ಕೊನೆಗೆ 'ಇ'. 1915ರಲ್ಲಿ ಅಲ್ಲಿ ಸಿಕ್ಕ ಶಾಸನದಲ್ಲೇ ದೇವಾನಾಂಪ್ರಿಯ ಅಂದರೆ ಅಶೋಕ ಅಂತ ಹೆಸರು ಬಿಡಿಸಿ ಬರೆದದ್ದು ಮೊದಲು ಕಂಡಿದ್ದು. ಹೆಸರಿನಿಂದಲೇ ಹೆಸರಾದ ಊರು ಅದು. ಹೊಂಬಣ್ಣದ ನಾಯಿಗೆ ಚಿನ್ನದ ಗಣಿಯ ಹಟ್ಟಿ. ಮೈಮೇಲೆ ನಾಲ್ಕು ಬಣ್ಣ ಇದ್ದರೆ ಕಿನ್ನಾಳದ ಬೊಂಬೆ ನೆನೆದು ಕಿನ್ನಿ. ಬಳ್ಳಾರಿ ಕಡೆಯವರಿಗೆ ಕಂಪ್ಲಿ ಇದೆ.

ಮಳಿಗಾಲದಾಗ ಸಿಕ್ಕ ಮರಿ, ಮಳಿ ಹೆಸರು ಇಡಬೌದಾ?

ಖಂಡಿತ. ಮಳೆ ಅಂತಲೇ ಇಡದೆ ಸಿಕ್ಕಾಗ ನಡೆಯುತ್ತಿದ್ದ ಮಳೆಯ ಹೆಸರು ಇಡಿ. ಜೂನ್ 7-8ರ ಹೊತ್ತಿಗೆ ಮಿರಗ ಕೂಡುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ ಹುಬ್ಬಿ, ಅದು ಮುಗಿದ ಮೇಲೆ ಉತ್ತರಿ, ಅಕ್ಟೋಬರಿನಲ್ಲಿ ಚಿತ್ತಿ. ಹುಬ್ಬಿ, ಚಿತ್ತಿ ಎರಡೂ ಕೂಗಲು ಹೇಳಿ ಮಾಡಿಸಿದ ಹೆಸರು. ಜೊತೆಗೆ ಅವಳ ವಯಸ್ಸಿನ ಲೆಕ್ಕವೂ ಹೆಸರಿನಲ್ಲೇ ಉಳಿಯುತ್ತದೆ. ಆಸ್ಪತ್ರೆಯಲ್ಲಿ "ಎಷ್ಟು ತಿಂಗಳು?" ಅಂದಾಗ ತಡಬಡಾಯಿಸಬೇಕಿಲ್ಲ.

ದೇವರ ಹೆಸರು ಇಟ್ರ ತಪ್ಪೇನು? ನಾಯಿನೂ ದೇವರೇ ಅಲ್ವಾ?

ನಾಯಿಯ ಬಗ್ಗೆ ನಮ್ಮಲ್ಲಿ ಗೌರವ ಇದ್ದೇ ಇದೆ. ಮೈಲಾರಲಿಂಗನ ಗೊರವಯ್ಯಗಳು ದೇವರ ನಾಯಿ ಅಂತ ತಮ್ಮನ್ನೇ ಕರೆದುಕೊಂಡು ದೋಣಿ ಅನ್ನುವ ಬಟ್ಟಲಿನಲ್ಲಿ ಪ್ರಸಾದ ತಿನ್ನುತ್ತಾರೆ. ಆದರೂ ಬೇಡ ಅನ್ನುತ್ತೇನೆ. ಹುಲಗಿಯ ಹುಲಿಗೆಮ್ಮ, ಬಳ್ಳಾರಿಯ ಕನಕದುರ್ಗಮ್ಮ ದೇವರೂ ಹೌದು, ಪಕ್ಕದ ಮನೆಯ ಅಕ್ಕನ, ಎದುರು ಮನೆಯ ಅಜ್ಜಿಯ ಹೆಸರೂ ಹೌದು. ನೀವು ಪ್ರೀತಿಯಿಂದಲೇ ಇಟ್ಟಿರಬಹುದು. ಆದರೆ ದಿನಾ "ಬಾ ಇಲ್ಲಿ, ಬೊಗಳಬ್ಯಾಡ" ಅನ್ನುವುದು ಅವರ ಕಿವಿಗೆ ಬೀಳುತ್ತದೆ. ಹೆಸರು ಗಟ್ಟಿಮಾಡುವ ಮೊದಲು ಓಣಿಯ ಎರಡೂ ಕಡೆ ಹತ್ತು ಮನೆಯ ಹೆಂಗಸರ ಹೆಸರು ನೆನಪು ಮಾಡಿಕೊಳ್ಳಿ. ಬೀಗರ ಮನೆಯನ್ನೂ ಮರೆಯಬೇಡಿ.

ಕಾಳಿ ಅನ್ನುವ ಹೆಸರಿಗೆ ಮಾತ್ರ ಹಳೆಯ ಆಧಾರ ಇದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಕಾಲದ ಕಲ್ಲು ಸಿಕ್ಕಿದೆ. ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಗಾಗಿ ನಿಲ್ಲಿಸಿದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷ ದಾಟಿದರೂ ಆ ನಾಯಿಯ ಹೆಸರು ಕನ್ನಡದಲ್ಲಿ ಓದಲು ಸಿಗುತ್ತದೆ.

ಮಗಳು ಫಾರಿನ್ ಹೆಸರೇ ಬೇಕಂತಾಳ, ಏನು ಮಾಡ್ಲಿ?

ಇಡಿ, ಆದರೆ ಮೊದಲು ಅಜ್ಜಿಯ ಬಾಯಲ್ಲಿ ಹೇಳಿಸಿ. ಬಳ್ಳಾರಿಯ ಒಂದು ಮನೆಯಲ್ಲಿ ಫ್ರೆಯಾ ಅಂತ ಇಟ್ಟರು. ವಾರದೊಳಗೆ ಅದು ಎಲ್ಲರ ಬಾಯಲ್ಲಿ ಪ್ರಿಯಾ ಆಯಿತು, ಮೇಲಿನ ಮನೆಯ ಹುಡುಗಿ ಪ್ರಿಯಾ. ಆ ಮಗು ಅತ್ತಿದ್ದು ಕೇಳಿ ನನಗೆ ಸಂಕಟವಾಯಿತು. ಸಿರಿ ಅನ್ನುವುದು ಒಳ್ಳೆಯ ಕನ್ನಡ ಪದವೇ, ಆದರೆ ಮನೆಯಲ್ಲಿ ಐಫೋನ್ ಇದ್ದರೆ ಅದೂ ಓಗೊಡುತ್ತದೆ.

ಮಗಳಿಗೆ ಲೈಕಾ ಕತೆ ಹೇಳಿ. ಮಾಸ್ಕೋದ ಬೀದಿಯಲ್ಲಿ ಹಿಡಿದು ತಂದ ಹೆಣ್ಣು ನಾಯಿ. ಮೊದಲ ಹೆಸರು ಕುದ್ರ್ಯಾವ್ಕಾ, ಅಂದರೆ ಗುಂಗುರು ಕೂದಲಿನವಳು. ಲೈಕಾ ಅಂದರೆ ಬೊಗಳುವವಳು. 1957ರ ನವೆಂಬರ್ 3ರಂದು ರಷ್ಯಾದವರು ಅವಳನ್ನು ಸ್ಪುಟ್ನಿಕ್-2 ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದರು, ವಾಪಸ್ ಬರಲಿಲ್ಲ. 1960ರಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಅನ್ನುವ ಎರಡು ಹೆಣ್ಣು ನಾಯಿಗಳು ಭೂಮಿ ಸುತ್ತಿ ಜೀವಂತ ಇಳಿದವು. ಸ್ಟ್ರೆಲ್ಕಾ ಅಂದರೆ ಪುಟ್ಟ ಬಾಣ. ಅವರೂ ಬಣ್ಣ, ಕೂದಲು, ಸ್ವಭಾವ ನೋಡಿ ತಮ್ಮ ಭಾಷೆಯಲ್ಲೇ ಹೆಸರಿಟ್ಟಿದ್ದರು ಅಂತ ತಿಳಿದರೆ ಮಗಳ ಮನಸ್ಸು ಬುಗುಡಿ ಕಡೆಗೂ ತಿರುಗಬಹುದು.

### ಇಟ್ಟ ಮೇಲೆ ಬರುವ ತೊಡಕುಗಳು

ಮೊದಲು ಬ್ಯಾಡಗಿ ಅಂತಿದ್ರಿ, ಆ ಹೆಸರು ಯಾಕ ಬಿಟ್ರಿ?

ಹೌದು, ಮಸಾರಿಯ ಮೊದಲ ಹೆಸರು ಬ್ಯಾಡಗಿ. ಕೆಂಪು ಮರಿ, ಬ್ಯಾಡಗಿ ಮೆಣಸಿನಕಾಯಿ ಬಣ್ಣ, ಕೇಳಿದವರೆಲ್ಲ ಚೆನ್ನಾಗಿದೆ ಅಂದರು. ಒಂದು ವಿಷಯ ಮಾತ್ರ ಯಾರ ಗಮನಕ್ಕೂ ಬರಲಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ "ಬ್ಯಾಡ" ಅನ್ನುತ್ತೇವೆ. ಚಪ್ಪಲಿ ಕಚ್ಚಿದರೆ ಬ್ಯಾಡ, ರಂಗೋಲಿ ತುಳಿದರೆ ಬ್ಯಾಡ. ಬ್ಯಾಡ ಅಂದರೆ ನಿಲ್ಲಬೇಕು ಅಂತ ಮರಿ ಚೆನ್ನಾಗಿ ಕಲಿತಳು.

ಸುಗ್ಗಿ ಬಂತು. ಮನೆ ಮುಂದಿನ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಓಡಾಡುತ್ತಿದ್ದವು. ಒಂದು ಸಂಜೆ ಅವಳು ರಸ್ತೆಯ ಆಚೆ ಇದ್ದಳು. ನಾನು ಕೂಗಿದೆ. ಓಡಿ ಬಂದಳು. ಹತ್ತಿರ ಬರಲಿ ಅಂತ ಮತ್ತೆ ಜೋರಾಗಿ "ಬ್ಯಾಡಗಿ!" ಅಂದೆ. ಅವಳಿಗೆ ಕೇಳಿದ್ದು ಮೊದಲ ಎರಡು ಅಕ್ಷರ. ನಡುರಸ್ತೆಯಲ್ಲಿ ನಿಂತುಬಿಟ್ಟಳು. ಒಂದು ಮುಂಗಾಲು ಎತ್ತಿಕೊಂಡು, ಬಾಲ ಮುದುರಿಕೊಂಡು, ಏನು ತಪ್ಪು ಮಾಡಿದೆ ಅನ್ನುವ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಟ್ರ್ಯಾಕ್ಟರಿನವರು ಬ್ರೇಕ್ ಹೊಡೆದ ರಭಸಕ್ಕೆ ಟ್ರೈಲರಿನಿಂದ ಒಂದು ಚೀಲ ಜಾರಿ ರಸ್ತೆಗೆ ಬಿತ್ತು. ಓಡಿಹೋಗಿ ಎತ್ತಿಕೊಂಡೆ, ಅವಳ ಎದೆ ನನ್ನ ಅಂಗೈಯಲ್ಲಿ ಡವಡವ ಅನ್ನುತ್ತಿತ್ತು. ಆ ರಾತ್ರಿಯೇ ಹೆಸರು ಬದಲಾಯಿತು.

ಅದಕ್ಕೇ ಹೇಳುತ್ತೇನೆ, ನೀವು ಮನೆಯಲ್ಲಿ ನಾಯಿಗೆ ಹೇಳುವ ಮಾತುಗಳನ್ನು ಮೊದಲು ಲೆಕ್ಕ ಹಾಕಿ: ಬಾ, ಕೂಡ್ರು, ಬ್ಯಾಡ, ಬಿಡು, ಹಚಾ. ಇವುಗಳ ಹಾಗೆ ಶುರುವಾಗುವ ಹೆಸರು ಎಷ್ಟೇ ಚೆಂದ ಇದ್ದರೂ ಕೈಬಿಡಿ.

ನಮ್ಮ ಓಣ್ಯಾಗ ತೆಲುಗು, ಉರ್ದು, ಕನ್ನಡ ಮೂರೂ ಮಾತಾಡ್ತಾರ, ಹೆಸರು ಹ್ಯಾಂಗ ನೋಡಬೇಕು?

ಮೂರೂ ಮನೆಯಲ್ಲಿ ಕೇಳಿ ನೋಡಬೇಕು. ಬಳ್ಳಾರಿಯಲ್ಲಿ ಒಬ್ಬರು ಕಾಲುಂಗುರದ ಪಿಲ್ಲಿ ಅಂತ ಮರಿಗೆ ಹೆಸರಿಟ್ಟರು, ತೆಲುಗಿನಲ್ಲಿ ಪಿಲ್ಲಿ ಅಂದರೆ ಬೆಕ್ಕು. ರಾಯಚೂರಿನಲ್ಲಿ ಬೆಳ್ಳಿ ಅಂತ ಇಟ್ಟ ಬಿಳಿ ನಾಯಿ ಉರ್ದು ಮಾತಾಡುವ ಮಕ್ಕಳ ಬಾಯಲ್ಲಿ ಬಿಲ್ಲಿ ಆಯಿತು. ಅದೂ ಬೆಕ್ಕೇ. ನಾಯಿಗೆ ಅರ್ಥದ ಹಂಗಿಲ್ಲ. ಆದರೆ ಓಣಿಯ ಮಕ್ಕಳು ಖುಷಿಯಿಂದ ಕರೆಯುವ ಹೆಸರಾದರೆ ನಾಯಿ ಕಳೆದುಹೋದ ದಿನ ಹತ್ತು ಬಾಯಿ ನಿಮ್ಮ ಜೊತೆ ಕೂಗುತ್ತವೆ.

ದೊಡ್ಡ ನಾಯಿ ತಂದೀವಿ, ಹಳೇ ಹೆಸರು ಐತಿ. ಬದಲಿ ಮಾಡಬೌದಾ?

ಮಾಡಬಹುದು. ನಾವು ಮಾಡಿದ್ದು ಹೀಗೆ: ಮೊದಲು ಹೊಸ ಹೆಸರು, ಬೆನ್ನಿಗೇ ಹಳೆಯದು, ಆಮೇಲೆ ತಿನ್ನಲು ಒಂದು ಚೂರು. "ಮಸಾರಿ, ಬ್ಯಾಡಗಿ". ಹೊಸದು ಮೊದಲೇ ಬರಬೇಕು. ನಾಲ್ಕೈದು ದಿನ ಆದ ಮೇಲೆ ಹಳೆಯದನ್ನು ಮೆಲ್ಲಗೆ ಹೇಳಿದೆವು, ಆಮೇಲೆ ಬಿಟ್ಟೆವು. ಹತ್ತು ದಿನದಲ್ಲಿ ಹೊಂದಿಕೊಂಡಳು. ಹಳೆಯ ಮನೆಯಲ್ಲಿ ಪೆಟ್ಟು ತಿಂದ ನಾಯಿಯಾದರೆ ಹಳೆಯ ಹೆಸರು ಕೇಳಿದರೇ ಮುದುರಿಕೊಳ್ಳುತ್ತದೆ. ಅಂಥವಳಿಗೆ ಹಳೆಯದನ್ನು ಒಂದು ಸಲವೂ ಹೇಳಬೇಡಿ, ಹೊಸ ಹೆಸರಿನಿಂದಲೇ ಶುರುಮಾಡಿ.

ಮನ್ಯಾಗ ಒಬ್ಬೊಬ್ರು ಒಂದೊಂದು ಹೆಸರು ಕರೀತಾರ, ತೊಂದ್ರಿ ಆಗ್ತದೇನು?

ಕಲಿಯುವ ತನಕ ಆಗುತ್ತದೆ. ಮೊದಲ ಒಂದು ತಿಂಗಳು ಎಲ್ಲರೂ ಒಂದೇ ಹೆಸರು ಹಿಡಿಯಿರಿ. ಆಮೇಲೆ ಅವ್ವ ಕೂಸೇ ಅನ್ನಲಿ, ಅಪ್ಪ ತಾಯಿ ಅನ್ನಲಿ, ಪರವಾಗಿಲ್ಲ. ಬೈಯುವಾಗ ಮಾತ್ರ ಹೆಸರು ಬೇಡ. ಹೆಸರು ಕೇಳಿದರೆ ಒಳ್ಳೆಯದೇ ಆಗುತ್ತದೆ ಅಂತ ಅವಳಿಗೆ ನಂಬಿಕೆ ಇರಬೇಕು.

ಎರಡನೇ ನಾಯಿ ಬಂದ್ರ ಜೋಡಿ ಹೆಸರು ಇಡಬೌದಾ?

ಅರ್ಥದಲ್ಲಿ ಜೋಡಿ ಇರಲಿ, ಸದ್ದಿನಲ್ಲಿ ಬೇಡ. ಎರಿ, ಮಸಾರಿ ಬೇರೆಬೇರೆ ಕೇಳಿಸುತ್ತವೆ. ಚಿತ್ತಿ, ಚುಕ್ಕಿ ಇಟ್ಟರೆ ಒಬ್ಬಳನ್ನು ಕರೆದಾಗ ಇಬ್ಬರೂ ಏಳುತ್ತಾರೆ.

ಲಸಿಕೆ ಕಾರ್ಡಿನಾಗ ಯಾವ ಹೆಸರು ಬರೆಸಬೇಕು?

ದಿನಾ ಕರೆಯುವ ಹೆಸರನ್ನೇ, ಕನ್ನಡದಲ್ಲಿ ಹೇಗೆ ಹೇಳುತ್ತೀರೋ ಹಾಗೇ. ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಅದೇ ಹೆಸರು ಇರಲಿ. ಒಂದು ಕಡೆ ನಮ್ಮ ಕಾರ್ಡಿನಲ್ಲಿ ಮಸಾರಿ ಬದಲು ಮಸಾಲಾ ಅಂತ ಬರೆದುಬಿಟ್ಟಿದ್ದರು, ಮನೆಗೆ ಬಂದ ಮೇಲೆ ನೋಡಿದೆ, ತಿದ್ದಿಸಲು ಇನ್ನೊಮ್ಮೆ ಹೋಗಬೇಕಾಯಿತು. ಅಲ್ಲೇ ಓದಿ ನೋಡಿ. ಮುಧೋಳದಂಥ ತಳಿ ನಾಯಿಯನ್ನು ಕೆನಲ್ ಕ್ಲಬ್ಬಿನಲ್ಲಿ ನೋಂದಾಯಿಸಿದ್ದರೆ ದಾಖಲೆಯ ಹೆಸರಿಗೆ ಸಾಕಿದವರ ಕೆನಲ್ ಹೆಸರು ಸೇರಿರಬಹುದು. ಅದು ಕಾಗದದಲ್ಲಿ ಇರಲಿ, ಮನೆಯಲ್ಲಿ ಕರೆಯುವ ಹೆಸರು ಬೇರೆ ಇಡಬಹುದು.

ಸತ್ತ ನಾಯಿ ಹೆಸರೇ ಹೊಸ ಮರಿಗೆ ಇಡಬೌದಾ?

ಮಸಾರಿಗಿಂತ ಮೊದಲು ನಮ್ಮಲ್ಲಿ ಹುಬ್ಬಿ ಇದ್ದಳು, ಹನ್ನೊಂದು ವರ್ಷ. ಅವಳು ಹೋದ ಮೇಲೆ ಅವ್ವ ಇದೇ ಪ್ರಶ್ನೆ ಕೇಳಿದ್ದರು. ಬೇಡ ಅಂದೆ. ಹೊಸ ಮರಿ ಹುಬ್ಬಿಯ ಹಾಗೆ ಬಾಗಿಲಲ್ಲಿ ಮಲಗಲಿಲ್ಲ ಅಂದರೆ, ಹುಬ್ಬಿಯ ಹಾಗೆ ಅವ್ವನ ಹಿಂದೆ ಹಿತ್ತಲಿಗೆ ಹೋಗಲಿಲ್ಲ ಅಂದರೆ, ಪ್ರತಿ ಸಲ ಹೆಸರು ಕರೆದಾಗಲೂ ಮನಸ್ಸು ಹೋಲಿಸುತ್ತದೆ. ಆ ಮರಿಗೆ ಅದು ಅನ್ಯಾಯ. ಆದರೂ ಹೆಸರು ಮನೆಯಿಂದ ಪೂರ್ತಿ ಹೋಗಿಲ್ಲ. ಆಗಸ್ಟ್ ಮುಗಿಯುವ ಹೊತ್ತಿಗೆ ಮಳೆ ಹಿಡಿದಾಗ ಅವ್ವ ಪಡಸಾಲೆಯಲ್ಲಿ ಕೂತು "ಹುಬ್ಬಿ ಬಂತು ನೋಡು" ಅನ್ನುತ್ತಾರೆ. ಮಸಾರಿ ಅವರ ಕಾಲ ಹತ್ತಿರ ಮಲಗಿರುತ್ತಾಳೆ, ತನ್ನ ಹೆಸರಲ್ಲ ಅಂತ ಗೊತ್ತು, ಏಳುವುದಿಲ್ಲ.